ಹೊಗೆಸೊಪ್ಪಿನ ಒಗ್ಗರಣೆ



ಈ ಸಲ ಹರಿಹರದ ಹೊಳೆಯ ಬಗೆಗೋ ನಮ್ಮ ಶಾಲೆಯ ಹಳೆಯ ದಿನಗಳ ಬಗೆಗೋ ಬರೆಯಬೇಕೆಂದು ಕುಳಿತವನು ನಾನು. ಆದರೆ ಕಳೆದ ದೀಪಾವಳಿಯಿಂದ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಮುರಿದುಕೊಂಡಿದೆ. ಅದನ್ನು ಕಿತ್ತು ಹೊರಗಿಡದೆ ಬೇರೇನನ್ನೂ ಬರೆಯಲಾಗುತ್ತಿಲ್ಲ. ಬರಹ ಕೊಂಚ ಕಟುವಾದೀತು. ಮೇಷ್ಟ್ರ ಬೈಗುಳ ನಿಮಗೆ ಹೊಸದಲ್ಲವಾದ್ದರಿಂದ ಸಹಿಸಿಕೊಳ್ಳುವಿರೆಂದು ನಂಬಿದ್ದೇನೆ.

ನನ್ನ ಅಣ್ಣನ ಮಗ ಅಮೆರಿಕಕ್ಕೆ ಹೋಗಿ ನೆಲೆಸಿ ಮೂವತ್ತು ವರ್ಷ ದಾಟಿತು. ಹಬ್ಬಕ್ಕೆಂದು ಹೆಂಡತಿ ಮತ್ತು ಹದಿನಾರರ ಮಗನೊಡನೆ ದಾವಣಗೆರೆಗೆ ಬಂದಿದ್ದ. ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತವನು ತನ್ನ ಕೈಚೀಲದಿಂದ ಒಂದು ಪೈಪನ್ನೂ ಮೂರು ಬಗೆಯ ಹೊಗೆಸೊಪ್ಪನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಮೂರೂ 'ಬರ್ಲಿ' ಎಂಬ ಜಾತಿಯ ಸೊಪ್ಪಿನವಂತೆ. ಮೊದಲನೆಯದು ಕೆಂಪು ಪೊಟ್ಟಣದ 'ಪ್ರಿನ್ಸ್ ಆಲ್ಬರ್ಟ್'. 1907ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಹಳೆಯ ಮಾಲು. ಮೂಗಿಗೆ ಹಿಡಿದರೆ ಕೋಕೋ ಪುಡಿಯ ನೆನಪು ಬರುತ್ತದೆ. ಎರಡನೆಯದು 'ಕಾರ್ಟರ್ ಹಾಲ್'. ಇದರಲ್ಲಿ ಬರ್ಲಿಯ ಜೊತೆಗೆ ವರ್ಜೀನಿಯಾ ಸೊಪ್ಪೂ ಸೇರಿ, ಒಣಹುಲ್ಲಿನ ಮೇಲೆ ತುಸು ಸಿಹಿ ಚಿಮುಕಿಸಿದ ಹಾಗಿನ ಪರಿಮಳ. ಮೂರನೆಯದು ಸಣ್ಣ ತಯಾರಕರೊಬ್ಬರದು. ಏನನ್ನೂ ಬೆರೆಸದ ಅಪ್ಪಟ ಬರ್ಲಿ. ಹುರಿದ ಶೇಂಗಾದ ಸಿಪ್ಪೆ, ಮಳೆ ಬಿದ್ದ ಒಣ ಮಣ್ಣು, ಹಳೆಯ ಮರದ ಪೆಟ್ಟಿಗೆ, ಇವು ಮೂರೂ ಕಲೆತಂಥ ವಾಸನೆ.

"ಚಿಕ್ಕಪ್ಪಾ, ಒಂದ್ಸಲ ವಾಸನೆ ನೋಡ್ರಿ. ಇದನ್ನ ನಿಧಾನಕ್ಕೆ ಸೇದಬೇಕು. ಅವಸರ ಮಾಡಿದ್ರೆ ನಾಲಿಗೆ ಸುಡುತ್ತೆ, ರುಚಿ ಕಹಿಯಾಗುತ್ತೆ" ಎಂದು ಅರ್ಧ ಗಂಟೆ ಪಾಠ ಹೇಳಿದ. ಯಾವುದು ಬೆಳಗಿನ ಕಾಫಿಗೆ ಒಪ್ಪುತ್ತದೆ, ಯಾವುದು ರಾತ್ರಿ ಪುಸ್ತಕ ಓದುವಾಗ ಹಿತ, ಯಾವುದು ಬಟ್ಟಲಿನ ತಳದವರೆಗೂ ಒಂದೇ ಸಮನೆ ಉರಿಯುತ್ತದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನನ್ನ ಆಯುಷ್ಯದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಅಚ್ಚುಕಟ್ಟಾಗಿ ಪಾಠ ಒಪ್ಪಿಸಿರಲಿಲ್ಲ. ಅವನ ಮಗ ಕೆಂಪು ಪೊಟ್ಟಣವನ್ನು ಮೂಗಿಗೆ ಹಿಡಿದು "ಚಾಕೊಲೇಟ್!" ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಗ ನಾನು ಕೇಳಬಾರದ್ದನ್ನು ಕೇಳಿದೆ: "ನಿಮ್ಮಪ್ಪ ಹೋಗಿದ್ದು ಇದೇ ಸೊಪ್ಪಿನಿಂದ ಅಲ್ಲವೇನೋ?"

ಅವನು ನೊಂದುಕೊಳ್ಳಲಿಲ್ಲ. ಬಹಳ ತಾಳ್ಮೆಯಿಂದ, ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ, "ಅದು ಬೇರೆ ಚಿಕ್ಕಪ್ಪಾ. ಅಪ್ಪ ಕಡ್ಡಿಪುಡಿ ಹಾಕ್ತಿದ್ರು. ಅದು ಒರಟು ಚಟ. ಇದು ರುಚಿ. ನಾನು ಹೊಗೆ ಒಳಗೂ ಎಳೆಯಲ್ಲ" ಎಂದ.

ಮುಳ್ಳು ಅದೇ. ಅಂದು ಸುಮ್ಮನಿದ್ದೆ, ಹಬ್ಬದ ಮನೆ, ಸೊಸೆ ಮೊಮ್ಮಗ ಎದುರಿಗಿದ್ದರು. ಇಂದು ಉತ್ತರ ಬರೆಯುತ್ತಿದ್ದೇನೆ. ಅವನೂ ಈ ಪುಟವನ್ನು ಓದುತ್ತಾನೆ. ಓದಲಿ.

ಮೊದಲು ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ಆ ಮೂರು ಸೊಪ್ಪುಗಳಿಗೂ ಒಂದೊಂದು ಗುಣವಿದೆ, ವ್ಯತ್ಯಾಸ ಸುಳ್ಳಲ್ಲ. ವಾಸನೆ ಹಿತವಾಗಿಯೇ ಇತ್ತು. ಹೊಗೆಸೊಪ್ಪಿನಲ್ಲಿ ರುಚಿಯೇ ಇಲ್ಲವೆಂದು ವಾದಿಸುವವನು ಹೊಗೆಸೊಪ್ಪನ್ನು ಅರಿಯದವನು. ನಾನು ಅರಿತವನು. ಈ ವಿಷಯದಲ್ಲಿ ನಮ್ಮ ಮನೆತನಕ್ಕೆ ಯಾವ ಪದವಿಯೂ ಕಡಿಮೆಯಿಲ್ಲ.

ಹರಿಹರದ ನಮ್ಮ ಹಳೆಯ ಮನೆಯ ಜಗುಲಿಯಲ್ಲಿ ತಂದೆಯವರ ಎಲೆಯಡಿಕೆ ಸಂಚಿ ಸದಾ ಬಿಚ್ಚಿಕೊಂಡೇ ಇರುತ್ತಿತ್ತು. ಬಂದವರು ಕುಳಿತು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಹೊಗೆಸೊಪ್ಪಿನ ಚೂರನ್ನು ಬೆರಳಲ್ಲಿ ಉಜ್ಜಿ ಮೂಸಿ, ಅದು ನಿಪ್ಪಾಣಿ ಕಡೆಯ ಎರೆಮಣ್ಣಿನದೋ ಬೇರೆ ಸೀಮೆಯದೋ ಎಂದು ಹೇಳುತ್ತಿದ್ದರು. ಬಿಸಿಲಲ್ಲಿ ಒಣಗಿಸಿದ ಸೊಪ್ಪಿನ ಖಾರವೇ ಬೇರೆ, ಬೆಲ್ಲದ ನೀರು ಹಾಕಿ ಹದ ಮಾಡಿದ್ದರ ಮೆತುವೇ ಬೇರೆ. ಕಡ್ಡಿಪುಡಿಯೆಂದರೆ ಸೊಪ್ಪಿನ ದೇಟು, ನರ, ಕಡ್ಡಿಗಳನ್ನು ಕುಟ್ಟಿದ ಪುಡಿ, ಬಡವರ ಪಾಲಿನ ಹೊಗೆಸೊಪ್ಪು. ಆದರೆ ನಮ್ಮಣ್ಣ ಸಿಕ್ಕ ಸಿಕ್ಕ ಕಡ್ಡಿಪುಡಿಯನ್ನು ಬಾಯಿಗೆ ಹಾಕಿದವನಲ್ಲ. ದಾವಣಗೆರೆಯ ಮಂಡಿಪೇಟೆಯ ಒಂದು ಅಂಗಡಿಯದೇ ಆಗಬೇಕು. ಹರಿಹರದಿಂದ ಹದಿನಾಲ್ಕು ಕಿಲೋಮೀಟರು ರೈಲಿನಲ್ಲಿ ಬಂದು, ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ, ಮೂಸಿ, "ಹೋದ ವಾರದ್ದಕ್ಕಿಂತ ಇದು ಮೃದು" ಎಂದು ಹೇಳಿಯೇ ಕೊಳ್ಳುತ್ತಿದ್ದ. ಎಲೆ ಅಂಬಾಡಿಯದಾದರೆ ಪುಡಿ ಎಷ್ಟು, ಖಾರದ ಎಲೆಯಾದರೆ ಎಷ್ಟು, ರಾತ್ರಿ ಪಾಳಿಗೆ ಯಾವ ಹದ, ಮದುವೆಮನೆ ಊಟದ ಮೇಲೆ ಯಾವ ಹದ ಎಂಬ ಲೆಕ್ಕ ಅವನಿಗಿತ್ತು.

ಮಗನೇ, ಈಗ ಹೇಳು. ನಿನ್ನ ಅರ್ಧ ಗಂಟೆಯ ಪಾಠದಲ್ಲಿ ನಿಮ್ಮಪ್ಪನಿಗೆ ತಿಳಿಯದ ಯಾವ ಮಾತಿತ್ತು? ಅವನು ನಿನ್ನಷ್ಟೇ ರಸಿಕ. ನೀನು ಇಂಗ್ಲಿಷಿನಲ್ಲಿ ಓದಿಕೊಂಡಿದ್ದನ್ನು ಅವನು ಅಂಗೈಯಲ್ಲಿ ಅರಿತಿದ್ದ. ರುಚಿ ಬಲ್ಲವನನ್ನು ಹೊಗೆಸೊಪ್ಪು ಬಿಟ್ಟುಬಿಡುತ್ತದೆ ಎಂದಾಗಿದ್ದರೆ ನಿಮ್ಮಪ್ಪ ನೂರು ವರ್ಷ ಬಾಳಬೇಕಿತ್ತು.

ಇನ್ನು ಪೈಪೆಂದರೆ ಪಾಶ್ಚಾತ್ಯ ನಾಗರಿಕತೆಯ ಕೊಡುಗೆ, ಜಗಿಯುವುದು ನಮ್ಮ ಹಳ್ಳಿಗರದು ಎಂಬ ಭ್ರಮೆಯೊಂದಿದೆ. ಇತಿಹಾಸವನ್ನು ತುಸು ನೋಡೋಣ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅಕ್ಬರನ ಆಸ್ಥಾನಕ್ಕೆ ಅದು ತಲುಪಿದ್ದು ಎಲ್ಲಿಂದ? ನಮ್ಮ ಬಿಜಾಪುರದಿಂದ! ಅಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಎಂಬಾತ 1604-05ರ ಸುಮಾರಿಗೆ ಹಿಂದಿರುಗುವಾಗ ಹೊಗೆಸೊಪ್ಪನ್ನೂ ರತ್ನ ಕೆತ್ತಿದ ಸೇದುವ ಕೊಳವೆಯನ್ನೂ ಒಯ್ದು ಬಾದಶಹನ ಮುಂದೆ ಇಟ್ಟ. ಅಕ್ಬರ ಒಂದೆರಡು ದಮ್ಮು ಎಳೆದೂ ನೋಡಿದ. ಆಸ್ಥಾನದ ಹಕೀಮ ಬೇಡವೆಂದ, ನಮ್ಮ ವೈದ್ಯಗ್ರಂಥಗಳಲ್ಲಿ ಹೇಳದ ವಸ್ತುವನ್ನು ಪರೀಕ್ಷಿಸದೆ ಬಳಸಬಾರದೆಂದು ವಾದಿಸಿದ. ಲೋಕದ ಎಲ್ಲ ಪದ್ಧತಿಗಳೂ ಒಂದು ಕಾಲಕ್ಕೆ ಹೊಸವೇ ಅಲ್ಲವೇ ಎಂದು ಅಸದ್ ಬೇಗ್ ತಿರುಗಿ ಕೇಳಿದ. ವಾದದಲ್ಲಿ ಗೆದ್ದವನು ಅಸದ್ ಬೇಗ್. ಆದರೆ ಸರಿಯಾಗಿದ್ದವನು ಹಕೀಮ. ಅಕ್ಬರ ಅಭ್ಯಾಸ ಮಾಡಿಕೊಳ್ಳಲಿಲ್ಲ, ಅಮೀರ ಉಮರಾವರು ಮಾಡಿಕೊಂಡರು. 1617ರಲ್ಲಿ ಜಹಾಂಗೀರ ನಿಷೇಧಿಸಿದ, ಯಾರೂ ಕೇಳಲಿಲ್ಲ. ಅತ್ತ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1604ರಲ್ಲೇ ಹೊಗೆಸೊಪ್ಪಿನ ವಿರುದ್ಧ ಪುಸ್ತಿಕೆ ಬರೆದಿದ್ದ. ಅವನ ವಂಶದವನೇ ಆದ ಏಳನೇ ಎಡ್ವರ್ಡ್ ಯುವರಾಜನಾಗಿದ್ದಾಗಿನ ಹೆಸರನ್ನೇ ಆ ಕೆಂಪು ಪೊಟ್ಟಣ ಹೊತ್ತಿದೆ. ರತ್ನದ ಕೊಳವೆಯೂ ಕಡ್ಡಿಪುಡಿಯ ಪೊಟ್ಟಣವೂ ಒಂದೇ ಹಡಗಿನಲ್ಲಿ ಇಳಿದ ನೆಂಟರು. ಒಬ್ಬ ಅರಮನೆಗೆ ಹೋದ, ಒಬ್ಬ ಗುಡಿಸಲಿಗೆ.

ಈಗ ಬರ್ಲಿಯ ಗುಣಗಾನಕ್ಕೆ ಬರೋಣ. ವಿಜ್ಞಾನದ ಮೇಷ್ಟ್ರಾಗಿದ್ದವನು ನಾನು, ಪಾಠ ಮಾಡದೆ ಬಿಡಲಾರೆ.

ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವುದು ವರ್ಜೀನಿಯಾ ಸೊಪ್ಪು. ಅದನ್ನು ಬ್ಯಾರನ್ನುಗಳಲ್ಲಿ ಕಟ್ಟಿ, ಕೊಳವೆಗಳ ಮೂಲಕ ಬಿಸಿ ಕೊಟ್ಟು, ಐದಾರು ದಿನಗಳಲ್ಲಿ ಹದ ಮಾಡುತ್ತಾರೆ. ಬೇಗ ಒಣಗುವುದರಿಂದ ಎಲೆಯ ಸಕ್ಕರೆಯ ಅಂಶ ಉಳಿದು ಬಣ್ಣ ಹಳದಿಯಾಗುತ್ತದೆ. ಬರ್ಲಿ ಹಾಗಲ್ಲ. ಇಂದಿನ ಬಿಳಿ ಬರ್ಲಿ ತಳಿ 1864ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ರೈತನೊಬ್ಬನ ಮಡಿಯಲ್ಲಿ, ಕೆಂಟಕಿಯಿಂದ ತಂದ ಬೀಜದಿಂದ ಹುಟ್ಟಿತು. ಈಗ ಕೆಂಟಕಿ, ಟೆನೆಸಿಗಳಲ್ಲದೆ ಆಫ್ರಿಕದ ಮಲಾವಿಯಲ್ಲೂ, ನಮ್ಮ ನೆರೆಯ ಆಂಧ್ರದಲ್ಲೂ ಬೆಳೆಯುತ್ತದೆ. ಇದನ್ನು ಬೆಂಕಿಯಿಲ್ಲದೆ, ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಆ ನಿಧಾನದಲ್ಲಿ ಎಲೆ ತನ್ನ ಸಕ್ಕರೆಯನ್ನೆಲ್ಲ ಹೆಚ್ಚುಕಡಿಮೆ ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಕಂದುಬಣ್ಣದ, ಸಿಹಿಯಿಲ್ಲದ, ಹಗುರವಾದ, ಸಣ್ಣ ಸಣ್ಣ ರಂಧ್ರಗಳುಳ್ಳ ಎಲೆ. ನಿಕೋಟಿನು ಮಾತ್ರ ವರ್ಜೀನಿಯಾಕ್ಕಿಂತ ಸಾಮಾನ್ಯವಾಗಿ ಹೆಚ್ಚೇ.

ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ. ಬರ್ಲಿ ಎಂದರೆ ಹೊಗೆಸೊಪ್ಪುಗಳಲ್ಲಿ ಮಂಡಕ್ಕಿ! ಭಟ್ಟಿಯಿಂದ ಬಂದ ಬರೀ ಮಂಡಕ್ಕಿಗೆ ತನ್ನದೆಂಬ ರುಚಿ ಎಷ್ಟಿದೆ? ಅದು ಎಣ್ಣೆ, ಬೆಳ್ಳುಳ್ಳಿ, ಹಸಿಮೆಣಸು, ಅರಿಶಿನ, ಹುರಿಗಡಲೆ ಪುಡಿ ಎಲ್ಲವನ್ನೂ ಹೀರಿಕೊಂಡು ಒಗ್ಗರಣೆ ಮಂಡಕ್ಕಿಯಾಗುತ್ತದೆ. ಬರ್ಲಿಯೂ ಹಾಗೆಯೇ. ಕೋಕೋ, ಜೇಷ್ಠಮಧು, ಸಕ್ಕರೆ ಪಾಕ, ಮದ್ಯ, ವೆನಿಲಾ, ಏನನ್ನು ಚಿಮುಕಿಸಿದರೂ ಕುಡಿದುಬಿಡುತ್ತದೆ. ಅಮೆರಿಕದ ಕಾರ್ಖಾನೆಗಳು ಅದನ್ನು ಮೆಚ್ಚಿದ್ದೇ ಈ ಹೀರುವ ಗುಣಕ್ಕಾಗಿ. ಆದ್ದರಿಂದ ಕೆಂಪು ಪೊಟ್ಟಣದ ಕೋಕೋ ಪರಿಮಳವನ್ನು ನೀನು ಹೊಗಳುವಾಗ ಬಹುಪಾಲು ಹೊಗಳುತ್ತಿರುವುದು ಸೊಪ್ಪನ್ನಲ್ಲ, ಅದಕ್ಕೆ ಹಾಕಿದ ಒಗ್ಗರಣೆಯನ್ನು. ಮಂಡಕ್ಕಿಯ ಒಗ್ಗರಣೆ ಹೊಟ್ಟೆಗೆ ಹೋಗುತ್ತದೆ. ಈ ಒಗ್ಗರಣೆ ವಿಷಕ್ಕೆ ದಾರಿ ಮಾಡಿಕೊಟ್ಟು ತಾನು ಹೊಗೆಯಾಗಿ ಹೋಗುತ್ತದೆ.

"ಹಾಗಾದರೆ ಮೂರನೆಯದನ್ನು ನೋಡಿ, ಅದಕ್ಕೆ ಏನನ್ನೂ ಬೆರೆಸಿಲ್ಲ, ಸಹಜವಾದದ್ದು" ಎಂದು ನೀನು ಹೇಳುವೆ. ಸಹಜವೆಂಬ ಮಾತಿಗೆ ನಾವು ಎಷ್ಟು ಬೇಗ ಸೋಲುತ್ತೇವೆ! ಹಾವಿನ ವಿಷವೂ ಸಹಜವೇ. ಬರ್ಲಿಗೆ ಸಾರಜನಕದ ಗೊಬ್ಬರ ಹೇರಳವಾಗಿ ಬೇಕು. ಎಲೆಯಲ್ಲಿ ನೈಟ್ರೇಟು ತುಂಬಿಕೊಳ್ಳುತ್ತದೆ. ವಾರಗಟ್ಟಲೆ ಗಾಳಿಯಲ್ಲಿ ತೂಗಿ ಒಣಗುವಾಗ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾಡುತ್ತವೆ; ಅದು ಎಲೆಯ ನಿಕೋಟಿನಿನಂಥ ಕ್ಷಾರಾಭಗಳೊಡನೆ ಸೇರಿ ನೈಟ್ರೋಸಮೀನುಗಳೆಂಬ ವಸ್ತುಗಳಾಗುತ್ತವೆ. ಇವುಗಳಲ್ಲಿ ಎರಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ವರ್ಗಕ್ಕೆ ಸೇರಿಸಿದೆ. ಬಿಸಿಯಲ್ಲಿ ಹದ ಮಾಡಿದ ವರ್ಜೀನಿಯಾಕ್ಕಿಂತ ಗಾಳಿಯಲ್ಲಿ ಒಣಗಿದ ಬರ್ಲಿಯಲ್ಲಿ ಇವು ಸಾಮಾನ್ಯವಾಗಿ ಹೆಚ್ಚು. ಏನನ್ನೂ ಬೆರೆಸದಿದ್ದರೂ ಎಲೆ ತನ್ನೊಳಗೇ ಬೆರೆಸಿಕೊಂಡಿದೆ. ನೀನು ಮೆಚ್ಚುವ ಆ ಒಣ ಮಣ್ಣಿನ, ಹಳೆಯ ಮರದ ಗಾಂಭೀರ್ಯ ಮೂಡುವ ಕೊಟ್ಟಿಗೆಯಲ್ಲೇ ಇವೂ ಮೂಡುತ್ತವೆ.

"ನಾನು ಹೊಗೆ ಒಳಗೆ ಎಳೆಯುವುದಿಲ್ಲ" ಎಂಬುದು ಇನ್ನೊಂದು ಮಾತು. ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಸಿಗರೇಟು ಸೇದಿ ಹೊಗೆಯನ್ನು ಎದೆಗೆ ಇಳಿಸುವವರಿಗಿಂತ ಪೈಪು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ. ಕಡಿಮೆಯೆಂದರೆ ಇಲ್ಲವೆಂದಲ್ಲ. ಬಾಯಿ, ತುಟಿ, ಗಂಟಲುಗಳ ಮಾತು ಬಂದರೆ ಆ ರಿಯಾಯಿತಿಯೂ ಇಲ್ಲ. ಒಳಗೆ ಎಳೆಯದಿದ್ದರೂ ನಿನಗೆ ಅದರಿಂದ ಹಿತವೆನಿಸುವುದು ಏಕೆಂದು ಎಂದಾದರೂ ಯೋಚಿಸಿರುವೆಯಾ?

ನನ್ನ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ನೆನಪಿರಬಹುದು. ಅರಿಶಿನದ ನೀರಿಗೆ ಸುಣ್ಣದ ತಿಳಿ ಬೆರೆಸಿದರೆ ಆರತಿಯ ಓಕುಳಿಯಂತೆ ಕೆಂಪಾಗುತ್ತಿತ್ತು. ಅದು ಕ್ಷಾರದ ಗುರುತು. ಎಲೆಯಡಿಕೆಗೆ ಸುಣ್ಣ ಹಚ್ಚುವುದು ಬಾಯಿ ಕೆಂಪಾಗಲೆಂದು ಮಾತ್ರವಲ್ಲ. ಆಮ್ಲದ ಆವರಣದಲ್ಲಿ ನಿಕೋಟಿನು ಬಂಧಿಯಾಗಿರುತ್ತದೆ, ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟದು. ಸುಣ್ಣ ಸೇರಿದಾಗ ಅದು ಬಿಡುಗಡೆಯಾಗಿ ಕೆನ್ನೆಯ ಒಳಗಿಂದಲೇ ರಕ್ತಕ್ಕೆ ಇಳಿಯುತ್ತದೆ. ನಮ್ಮ ಹಿರಿಯರು ರಸಾಯನಶಾಸ್ತ್ರ ಓದದೆಯೇ ಇದನ್ನು ಕಂಡುಕೊಂಡಿದ್ದರು. ವರ್ಜೀನಿಯಾ ಸೊಪ್ಪಿನ ಹೊಗೆ ಆಮ್ಲದ ಕಡೆಗಿರುವುದರಿಂದ ಸಿಗರೇಟಿನವನು ಅದನ್ನು ಎದೆಗೆ ಎಳೆಯಲೇಬೇಕು. ಸಕ್ಕರೆಯಿಲ್ಲದ ಬರ್ಲಿಯ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಅದಕ್ಕೇ ಎದೆಗೆ ಎಳೆಯುವ ಅಗತ್ಯ ನಿನಗಿಲ್ಲ, ಬಾಯಲ್ಲಿ ಆಡಿಸಿದರೆ ಸಾಕು. ನಿಮ್ಮಪ್ಪ ಸುಣ್ಣದ ಡಬ್ಬಿಯಿಂದ ತೋರುಬೆರಳಲ್ಲಿ ತೆಗೆದು ಸವರುತ್ತಿದ್ದ. ನಿನ್ನ ಸೊಪ್ಪು ತನ್ನ ಸುಣ್ಣವನ್ನು ತಾನೇ ತಂದಿದೆ. ಕೆಲಸ ಒಂದೇ, ಕೆನ್ನೆ ಒಂದೇ, ದಾರಿ ಒಂದೇ.

ಹಾಗಿದ್ದೂ ಒಂದು ಒರಟು, ಇನ್ನೊಂದು ನಾಜೂಕು ಎಂದು ನಮಗೆ ಏಕೆ ತೋರುತ್ತದೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿಲ್ಲ, ನಮ್ಮ ಮನಸ್ಸಿನ ಮೇಲು ಕೀಳುಗಳಲ್ಲಿದೆ. ನನ್ನ ಕಾಲೇಜು ದಿನಗಳಲ್ಲಿ ಬಾಯಲ್ಲಿ ಪೈಪಿಟ್ಟುಕೊಂಡ ಒಬ್ಬ ಅಧ್ಯಾಪಕರಿದ್ದರು. ಅವರು ಪೈಪನ್ನು ಕೈಗೆ ತೆಗೆದುಕೊಂಡು ಸುಮ್ಮನೆ ಕಿಟಕಿಯಾಚೆ ನೋಡಿದರೆ ಸಾಕು, ಏನೋ ಗಹನವಾದ ಚಿಂತನೆ ನಡೆದಿದೆಯೆಂದು ನಾವು ಬಗೆಯುತ್ತಿದ್ದೆವು. ಷರ್ಲಾಕ್ ಹೋಮ್ಸ್‌ನಿಂದ ಐನ್‌ಸ್ಟೀನ್‌ವರೆಗೆ ಪೈಪಿಗೆ ಬುದ್ಧಿವಂತಿಕೆಯ ಬಿರುದು. ಅದೇ ಹರಿಹರದ ರೈಲುನಿಲ್ದಾಣದಲ್ಲಿ ಹಮಾಲನೊಬ್ಬ ಬೀಡಿ ಹಚ್ಚಿದರೆ "ಏಯ್, ಆಚೆ ಹೋಗೋ" ಎಂದು ಗದರುತ್ತಿದ್ದೆವು. ಮೇಷ್ಟ್ರ ನಸ್ಯ ಗಾಂಭೀರ್ಯ, ಕೂಲಿಯ ಕಡ್ಡಿಪುಡಿ ಗಲೀಜು! ಚಟಕ್ಕೂ ಜಾತಿ ಕಟ್ಟಿದ ಜನ ನಾವು.

ಮತ್ತು ಈ ರುಚಿಯ ಮಾತುಗಳಲ್ಲಿ ಬೆಳೆಯುವವರ, ಕಟ್ಟುವವರ ಸುದ್ದಿ ಬರುವುದೇ ಇಲ್ಲ. ಇಬ್ಬನಿಯಲ್ಲಿ ಒದ್ದೆಯಾದ ಸೊಪ್ಪನ್ನು ಕೊಯ್ಯುವವರಿಗೆ ಚರ್ಮದ ಮೂಲಕವೇ ನಿಕೋಟಿನು ಇಳಿದು ವಾಂತಿ, ತಲೆಸುತ್ತು ಬರುತ್ತದೆ. ಮಲಾವಿಯ ತೋಟಗಳಲ್ಲಿ ಮಕ್ಕಳೂ ಈ ಕೆಲಸ ಮಾಡಿದ್ದಾರೆ. ನಮ್ಮ ನಿಪ್ಪಾಣಿಯಲ್ಲಿ 1981ರಲ್ಲಿ ಹೊಗೆಸೊಪ್ಪಿನ ರೈತರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತಾಗ ಗೋಲೀಬಾರಾಗಿ ಜೀವಗಳು ಹೋದವು. ನನ್ನ ತರಗತಿಯ ಎಷ್ಟೋ ಮಕ್ಕಳ ತಾಯಂದಿರು ಮೊರದಲ್ಲಿ ಬೀಡಿ ಎಲೆ, ಪುಡಿ ಇಟ್ಟುಕೊಂಡು ಹೊತ್ತು ಮುಳುಗುವವರೆಗೆ ಬೀಡಿ ಕಟ್ಟುತ್ತಿದ್ದರು. ಆ ಮಕ್ಕಳ ನೋಟುಪುಸ್ತಕಗಳಿಗೂ ಪುಡಿಯ ಘಾಟಿರುತ್ತಿತ್ತು. ರೈತನನ್ನೂ ಆ ತಾಯಂದಿರನ್ನೂ ನಾನು ದೂರುವುದಿಲ್ಲ. ಅವರ ಪಾಲಿಗೆ ಅದು ಹೊಟ್ಟೆಯ ಪ್ರಶ್ನೆ. ನಮ್ಮ ಪಾಲಿಗೆ?

ರುಚಿಯ ವಾದ ಅಪಾಯಕರವೆನ್ನಲು ದೊಡ್ಡ ಕಾರಣ ಬೇರೆಯೇ ಇದೆ. ನಿನ್ನ ಮಗ "ಚಾಕೊಲೇಟ್" ಎಂದನಲ್ಲ, ಅದೇ ಕಾರಣ. ಮೊದಲ ಸಲ ಬರೀ ಹೊಗೆಸೊಪ್ಪನ್ನು ಬಾಯಿಗಿಟ್ಟ ಯಾವ ಮಗುವೂ ಎರಡನೆಯ ಸಲ ಕೇಳದು. ಖಾರ, ಕಹಿ, ಬಿಕ್ಕಳಿಕೆ, ವಾಂತಿ. ಪ್ರಕೃತಿ ಬಾಗಿಲಲ್ಲೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿದೆ. ಪರಿಮಳವೆಂಬುದು ಆ ಕಾವಲುಗಾರನಿಗೆ ಕೊಡುವ ಲಂಚ. ಗುಟ್ಕಾದವರು ಮಾಡಿದ್ದೂ ಇದನ್ನೇ. ಅಡಿಕೆ ಪುಡಿ, ಹೊಗೆಸೊಪ್ಪು, ಸುಣ್ಣ, ಕಾಚುಗಳಿಗೆ ಏಲಕ್ಕಿ, ಗುಲಾಬಿ, ಪುದೀನಗಳ ಸುವಾಸನೆ ಬೆರೆಸಿ, ಬಣ್ಣದ ಪೊಟ್ಟಣಗಳ ಸರ ಮಾಡಿ ಶಾಲೆಯ ಎದುರಿನ ಅಂಗಡಿಗಳಲ್ಲಿ ತೋರಣ ಕಟ್ಟಿದರು. 2013ರ ಮೇ ತಿಂಗಳ ಕೊನೆಯಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಒಂದು ಪೊಟ್ಟಣ ಎರಡಾಯಿತು: ಪಾನ್ ಮಸಾಲ ಬೇರೆ, ಹೊಗೆಸೊಪ್ಪು ಬೇರೆ. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡರಾಯಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು! 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 10.7 ಮಂದಿ ಹೊಗೆ ಸೇದುವವರಾದರೆ 21.4 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು. ಕರ್ನಾಟಕದಲ್ಲಿ ಎರಡೂ ಬಗೆ ಸೇರಿ ನೂರಕ್ಕೆ 22.8.

ಶಾಲೆಯ ಸುತ್ತ ನೂರು ಗಜದೊಳಗೆ ಮಾರಬಾರದೆಂದು 2003ರ ಕಾನೂನು ಹೇಳಿತು. ಇಪ್ಪತ್ತೊಂದು ತುಂಬದವರಿಗೆ ಕೊಡಬಾರದೆಂದು ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಸಂತೋಷ. ಆದರೆ ಕಾನೂನಿನ ಗಜಕಡ್ಡಿ ನಮ್ಮ ಪಡಸಾಲೆಯನ್ನು ಅಳೆಯದು. ಅಪ್ಪನೇ ಮಗನ ಮೂಗಿಗೆ ಪೊಟ್ಟಣ ಹಿಡಿದು ಪರಿಮಳ ಪರಿಚಯಿಸಿದರೆ ಯಾವ ಪೊಲೀಸರು ಬರಬೇಕು?

ಈಗ ಅಣ್ಣನ ಮಾತು. ಇದನ್ನು ಹೆಚ್ಚು ಬೆಳೆಸಲಾರೆ.

1995ರ ಮಳೆಗಾಲದಲ್ಲಿ ಅವನ ಎಡಗೆನ್ನೆಯ ಒಳಗೆ, ಕಡ್ಡಿಪುಡಿ ಇಟ್ಟುಕೊಳ್ಳುತ್ತಿದ್ದ ಅದೇ ಜಾಗದಲ್ಲಿ, ಬಿಳಿಯ ಕಲೆ ಕಾಣಿಸಿತು. ಸುಣ್ಣದ ಸುಟ್ಟ ಗಾಯವೆಂದು ತುಪ್ಪ ಸವರಿಕೊಂಡು ಆರು ತಿಂಗಳು ಕಳೆದ. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು. ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ಬೆಣ್ಣೆದೋಸೆ ಬೇಕೆಂದು ಸನ್ನೆ ಮಾಡಿದ. ತಂದು, ಚಟ್ನಿಯಲ್ಲಿ ನೆನೆಸಿ, ಬೆರಳಿನಿಂದ ಹಿಸುಕಿ ಬಾಯಿಗಿಟ್ಟೆ. ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡಿದ್ದು ತಲೆ ಅಲ್ಲಾಡಿಸಿದ. ಸ್ಲೇಟನ್ನು ತೆಗೆದುಕೊಂಡು ಬರೆದ: "ಏನೂ ಗೊತ್ತಾಗಲ್ಲ." ಚಿಕಿತ್ಸೆ ನಾಲಿಗೆಯ ರುಚಿಯನ್ನೇ ಒಯ್ದಿತ್ತು. ಒಂದು ಚಿಟಿಕೆ ಪುಡಿಯಲ್ಲಿ ಹೋದ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸ ಹೇಳುತ್ತಿದ್ದವನಿಗೆ ಬೆಣ್ಣೆಯ ರುಚಿ ತಿಳಿಯದಾಯಿತು. 1996ರ ಶ್ರಾವಣದಲ್ಲಿ ಹೋದ. ಐವತ್ತೇಳು ವರ್ಷ.

ಮಗನೇ, ನೀನು ಬಂದದ್ದು ಕೊನೆಯ ಮೂರು ದಿನಕ್ಕೆ. ರಜೆ ಸಿಗಲಿಲ್ಲ, ನಿನ್ನದು ತಪ್ಪಲ್ಲ. ಆ ಸ್ಲೇಟನ್ನು ಮಾತ್ರ ನೀನು ಕಂಡಿರಲಿಲ್ಲ. ಕಂಡಿದ್ದರೆ ಅಂದು ನನ್ನ ಪಡಸಾಲೆಯಲ್ಲಿ 'ಇದು ರುಚಿ' ಎಂಬ ಪದವನ್ನು ಬಳಸುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಇಷ್ಟೆಲ್ಲ ಹೇಳಿದವನ ಕೈ ಶುದ್ಧವಾಗಿದೆಯೇ? ಇಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿಯವರೆಗೆ ಓದಿ ಒಳಗೊಳಗೇ ನಗುತ್ತಿರುವುದು ನನಗೆ ಕೇಳಿಸುತ್ತಿದೆ. ಮೇಷ್ಟ್ರ ಕೋಟಿನ ಎಡಜೇಬಿನಲ್ಲಿದ್ದ ನಸ್ಯದ ಡಬ್ಬಿ ನಿಮಗೆಲ್ಲ ಗೊತ್ತು. 1971ರಿಂದ ಇಪ್ಪತ್ತೇಳು ವರ್ಷ ನಾನು ನಸ್ಯ ಏರಿಸಿದೆ. ಡಬ್ಬಿ ಬರಿದಾದಾಗ ಅಂಗಡಿಗೆ ಕಳಿಸುತ್ತಿದ್ದುದು ನಿಮ್ಮನ್ನೇ. ಹೋಗಿಬರುವ ಅವಕಾಶಕ್ಕಾಗಿ ನೀವು ಪೈಪೋಟಿ ಮಾಡುತ್ತಿದ್ದಿರಿ. ಅದನ್ನು ಗುರುಭಕ್ತಿಯೆಂದು ನಾನು ಭಾವಿಸಿದ್ದೆ. ಅಣ್ಣನನ್ನು ಮಣ್ಣು ಮಾಡಿ ಬಂದ ಸಂಜೆಯೂ, ಸ್ನಾನ ಮಾಡಿ, ಹಿತ್ತಿಲಿಗೆ ಹೋಗಿ ಒಂದು ಚಿಟಿಕೆ ಏರಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆಗ ನಾನು ಮನಸ್ಸಿಗೆ ಹೇಳಿಕೊಂಡದ್ದು ಏನು ಗೊತ್ತೇ? "ಅಣ್ಣನದು ಜಗಿಯುವ ಚಟ. ನನ್ನದು ನಸ್ಯ, ಅದು ಬೇರೆ." ಮಗನೇ, ನಿನ್ನ ವಾಕ್ಯವನ್ನು ನಿನಗಿಂತ ಮೂವತ್ತು ವರ್ಷ ಮೊದಲೇ ಆಡಿದವನು ನಾನು. ಅದಕ್ಕೇ ಅದು ಅಷ್ಟು ಚುಚ್ಚಿತು.

ಬಿಡಿಸಿದ್ದು ಒಬ್ಬ ಹುಡುಗ. 1998ರಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಜೇಬಿನಲ್ಲಿ ಗುಟ್ಕಾ ಪೊಟ್ಟಣ ಸಿಕ್ಕಿತು. ಬೆಂಚಿನ ಮೇಲೆ ನಿಲ್ಲಿಸಿ, ಇಡೀ ತರಗತಿಯ ಎದುರು ಬೈದೆ. ಅವನು ತಲೆತಗ್ಗಿಸಿಯೇ, ಮೆಲ್ಲಗೆ, ಎದುರಾಡುವ ದನಿಯಲ್ಲಿ ಅಲ್ಲ, ನಿಜವಾಗಿಯೂ ತಿಳಿಯದವನಂತೆ ಕೇಳಿದ: "ಸಾರ್, ನಿಮ್ ಡಬ್ಬಿ ತಂದ್ಕೊಡೋನು ನಾನೇ ಅಲ್ವೇನ್ರಿ?"

ಅಂದು ಸಂಜೆ ಡಬ್ಬಿಯನ್ನು ಹರಿಹರದ ಸೇತುವೆಯ ಮೇಲಿಂದ ಹೊಳೆಗೆ ಎಸೆದೆ. ಒಂದು ವಾರ ತಲೆನೋವು, ಮೂಗಿನಲ್ಲಿ ನೀರು, ಮನೆಯವರ ಮೇಲೆ ರೇಗಾಟ. ಎರಡು ಸಲ ಜಾರಿದೆ. ಮೂರನೆಯ ಸಲ ನಿಂತೆ. ಆ ಹುಡುಗ ಇಂದು ಎಲ್ಲಿದ್ದಾನೋ, ಅವನ ಚಟ ಬಿಟ್ಟಿತೋ ಇಲ್ಲವೋ ತಿಳಿಯದು. ಅವನಿಗೂ, ನನ್ನ ಡಬ್ಬಿ ತುಂಬಿಸಿ ತಂದ ನಿಮ್ಮೆಲ್ಲರಿಗೂ ನಾನು ಎಂದೂ ಕ್ಷಮೆ ಕೇಳಿರಲಿಲ್ಲ. ಎಂಬತ್ತರ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಅಂಗಡಿಯ ದಾರಿಯಲ್ಲಿ ಮೊದಲ ಚಿಟಿಕೆ ಕಲಿತಿದ್ದರೆ, ಅದರ ಪಾಲು ನನ್ನ ಲೆಕ್ಕಕ್ಕೆ ಬರೆಯಿರಿ.

ಅಣ್ಣನ ಮಗನಿಗೆ ಕಡೆಯ ಮಾತು. ನೀನು ಆ ಮೂರನೆಯ ಡಬ್ಬಿಯನ್ನು, ಚಿಕ್ಕಪ್ಪನಿಗೆ ಇರಲೆಂದು, ಮೇಜಿನ ಮೇಲೆಯೇ ಬಿಟ್ಟುಹೋದೆ. ಅದು ಇನ್ನೂ ಇಲ್ಲಿದೆ. ವಾಸನೆ ಚೆನ್ನಾಗಿದೆಯೆಂದು ಈಗಲೂ ಒಪ್ಪುತ್ತೇನೆ. ಚೆನ್ನಾಗಿರುವುದೇ ಅದರ ದೋಷ. ನೀನು ದೊಡ್ಡವನು, ಬಲವಂತ ಮಾಡಲಾರೆ. ಎರಡನ್ನು ಮಾತ್ರ ಕೇಳುತ್ತೇನೆ. ನಿನ್ನ ಮಗನ ಎದುರು ಅದನ್ನು ರುಚಿಯೆಂದು ಕರೆಯಬೇಡ, ಚಟವೆಂದೇ ಕರೆ. ನಿಮ್ಮಪ್ಪನನ್ನು ಒರಟನೆನ್ನಬೇಡ. ಅವನು ನಿನ್ನಂಥವನೇ. ನಿನ್ನಂತೆಯೇ ಅಚ್ಚುಕಟ್ಟಾಗಿ, ನಿಧಾನವಾಗಿ, ಮೂಸಿ ನೋಡಿ, ಆರಿಸಿ, ತನ್ನ ಪಾಲಿನ ಸೊಪ್ಪನ್ನು ಬಾಯಿಗಿಟ್ಟುಕೊಂಡವನು.

ಬಿಡಬೇಕೆಂದಿರುವ ನನ್ನ ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಕೊಡುತ್ತಿದ್ದೇನೆ: 1800-11-2356. ನಾಚಿಕೆ ಬೇಡ. ಎರಡು ಸಲ ಜಾರಿದರೂ ಮೂರನೆಯ ಸಲ ನಿಲ್ಲಬಹುದು.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟ್ರು